ಏಳನೆಯ ಕೀಲು

ನೇಸಾ ಆ ಬೆಳಗ್ಗೆ ತಾನು ನೋಡಿಕೊಳ್ಳುವ ಸೆಲ್ವಾನ ಸ್ಟೇಷನ್ನಿನ ಕಟ್ಟೆಯನ್ನು ಮೂರು ಸಲ ಗುಡಿಸಿದಳು. ಏಳು ತಿಂಗಳಿಂದ ಒಂದು ರೈಲೂ ಬಾರದ ಕಟ್ಟೆ ಅದು, ಕಸವಾದರೂ ಎಲ್ಲಿಂದ ಬರಬೇಕು? ಆದರೂ ಗುಡಿಸಿದಳು. ಗಂಟೆ ಒರೆಸಿದಳು. ಕೆಂಪು ಬಾವುಟವನ್ನು ಬಿಚ್ಚಿ ನೋಡಿ ಮತ್ತೆ ಸುತ್ತಿಟ್ಟಳು. ಒಲೆಯ ಮೇಲಿಟ್ಟ ಕಾಫಿ ಉಕ್ಕಿ ಬೂದಿಯ ಪಾಲಾದದ್ದು ಸುಟ್ಟ ವಾಸನೆ ಬಂದ ಮೇಲೆಯೇ ಗೊತ್ತಾಯಿತು. ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ನಡೆಯಬೇಕು, ನಡೆದರೆ ಎಲ್ಲಿಗೆ ಅಂತ ತಿಳಿಯದು. ಮೂವತ್ತಾರು ವರ್ಷದ ಗಟ್ಟಿಮುಟ್ಟು ಹೆಂಗಸು ಮಾರ್ಚ್ ತಿಂಗಳಿಂದ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮನೆಗೆ ತಿರುಗಿ ತಿರುಗಿ ಅರ್ಧ ಆಗಿದ್ದಳು.

"ಏನೇ, ಕಟ್ಟೆಗೆ ತೂತು ಬೀಳೋವರೆಗೂ ಗುಡಿಸ್ತೀಯಾ?" ಪಕ್ಕದ ಮನೆಯ ಓನ ಬೇಲಿಯ ಆಚೆಯಿಂದ ಕೂಗಿದಳು. ಅರವತ್ತು ದಾಟಿದವಳು, ಬಾಯಿ ಮಾತ್ರ ಇಪ್ಪತ್ತರದು. "ಹೊರಡು ಹೊರಡು. ಕೆಳಗಿನ ಊರೋರು ಆಗಲೇ ಸೇತುವೆ ಹತ್ರ ಬಂದು ನಿಂತವ್ರಂತೆ. ಕೀಲು ತಗೊಂಡ್ಯಾ?"

"ತಗೊಂಡೆ ಓನಕ್ಕ."

ಗೋಣಿಯಲ್ಲಿ ಸುತ್ತಿದ ಗಂಟನ್ನು ನೇಸಾ ಎದೆಗೆ ಅವುಚಿಕೊಂಡಳು. ಗಂಟಿನಲ್ಲಿದ್ದದ್ದು ಕೀಲಲ್ಲ. ಚೀಸ್ ಒತ್ತುವ ಮಣೆಯಿಂದ ಬಿಚ್ಚಿದ ಕಬ್ಬಿಣದ ಸರಳು. ತೂಕ ಸುಮಾರಾಗಿ ಅಷ್ಟೇ, ಉದ್ದ ಅಷ್ಟೇ, ಆದರೆ ಬಿಚ್ಚಿದ ಕೂಡಲೇ ಕುರುಡನಿಗೂ ಗೊತ್ತಾಗುವಂಥ ಮೋಸ. ಯಾಕೆ ಅದನ್ನು ಸುತ್ತಿಕೊಂಡಳೋ ಅವಳಿಗೇ ತಿಳಿಯದು. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲಲಿಲ್ಲ, ಅಷ್ಟೇ. ನಿಜವಾದ ಕೀಲು ಎಲ್ಲಿದೆ ಅಂತ ಸೆಲ್ವಾನ ಊರಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅದು ಅವಳ ಅಪ್ಪನ ಎದೆಯ ಮೇಲಿತ್ತು. ಅಪ್ಪನ ಹೆಸರು ಫ್ಲೂರಿನ್, ಅವನು ಕಣಿವೆಯ ಕೆಳಗೆ, ರುವಾಲ್ತ ಊರಿನ ಚರ್ಚಿನ ಅಂಗಳದಲ್ಲಿ, ಮಣ್ಣೊಳಗೆ ಮಲಗಿದ್ದ.

ಈ ಕೀಲುಗಳ ಸಂಗತಿ ಹೇಳದಿದ್ದರೆ ಅವಳ ಸಂಕಟ ಅರ್ಥವಾಗುವುದಿಲ್ಲ, ಆದ್ದರಿಂದ ಸ್ವಲ್ಪ ತಾಳಿ. ರುವಾಲ್ತದಿಂದ ಸೆಲ್ವಾನಕ್ಕೆ ರೈಲು ಬಂದದ್ದು ಸಾವಿರದ ಒಂಬೈನೂರ ಹನ್ನೆರಡರಲ್ಲಿ. ಹನ್ನೊಂದು ಕಿಲೋಮೀಟರು, ಒಂದು ಸುರಂಗ, ಎರಡು ಸ್ಟೇಷನ್ನು, ನಡುವೆ ಒಂದು ಕಮರಿ. ಆ ಕಮರಿಗೆ ಎರಡೂ ಊರಿನವರು ಹುಚ್ಚಿ ಅನ್ನುತ್ತಾರೆ. ಚಳಿಗಾಲ ಬಂತೆಂದರೆ ಮೇಲಿನ ಬೆಟ್ಟದ ಹಿಮವೆಲ್ಲ ಒಂದೇ ಉಸಿರಿಗೆ ಅದರಲ್ಲಿ ಇಳಿಯುತ್ತದೆ, ಎದುರಿಗೆ ಸಿಕ್ಕಿದ್ದನ್ನು ಉಳಿಸಿದ್ದಿಲ್ಲ. ಊರ ಹಿರಿಯರು ಹೇಳಿದರು. ಪಟ್ಟಣದ ಇಂಜಿನಿಯರು ಕೇಳಿದನೇ? ಗಡ್ಡ ನೀವಿಕೊಂಡು ಕಲ್ಲಿನ ಕಮಾನು ಕಟ್ಟಿಸಿದ. ಇಟಲಿಯ ಕಲ್ಲುಕುಟಿಗರು ಎರಡು ಬೇಸಿಗೆ ಬೆವರು ಸುರಿಸಿದರು. ಮುಂದಿನ ಫೆಬ್ರವರಿಯಲ್ಲಿ ಹುಚ್ಚಿ ಬಂದು ಒರೆಸಿಕೊಂಡು ಹೋದಳು. ಎರಡನೆಯ ಇಂಜಿನಿಯರು ಕಬ್ಬಿಣದ್ದು ಕಟ್ಟಿಸಿದ, ಅದನ್ನೂ ನುಂಗಿದಳು. ಮೂರನೆಯವನ ತಲೆಯಲ್ಲಿ ಮಾತ್ರ ಸ್ವಲ್ಪ ಮೆದುಳಿತ್ತು. ಹುಚ್ಚಿಯ ಜೊತೆ ಜಗಳ ಯಾಕೆ, ಅವಳು ಬರುವ ಹೊತ್ತಿಗೆ ದಾರಿ ಬಿಟ್ಟರಾಯಿತು ಅಂದ. ಮೂರು ತುಂಡಿನ ಕಬ್ಬಿಣದ ಸೇತುವೆ ಮಾಡಿದ. ಅಕ್ಟೋಬರಿನಲ್ಲಿ ತುಂಡುಗಳನ್ನು ಬಿಗಿದ ಕಬ್ಬಿಣದ ಕೀಲು ಕಿತ್ತು ಮಡಿಸಿ ಎರಡೂ ದಡಕ್ಕೆ ಎಳೆದಿಡುವುದು, ಹುಚ್ಚಿ ಇಳಿದು ಸುಮ್ಮನಾದ ಮೇಲೆ ಮತ್ತೆ ಜೋಡಿಸುವುದು.

ಸರಿ, ಆದರೆ ಸೇತುವೆ ಮಡಿಸಿದರೆ ಸೆಲ್ವಾನದವರು ಏಳು ತಿಂಗಳು ಮೇಲೆಯೇ ಬಂದಿ. "ಮಡಿಸೋದೇನೋ ಮಡಿಸ್ತೀರಿ, ವಾಪಸ್ ಜೋಡಿಸ್ತೀರಿ ಅಂತ ಏನು ಗ್ಯಾರಂಟಿ?" ಅಂದರು ಮೇಲಿನವರು. "ಜೋಡಿಸೋಕೆ ನಮ್ಮನ್ನ ದುಡಿಸ್ಕೊಂಡು ನೀವು ಒಲೆ ಮುಂದೆ ಕೂತ್ರೆ?" ಅಂದರು ಕೆಳಗಿನವರು. ರುವಾಲ್ತದ ಹೋಟೆಲಿನಲ್ಲಿ ಮೂರು ದಿನ ಪಂಚಾಯಿತಿ ನಡೆಯಿತು. ಎರಡು ಪೀಪಾಯಿ ವೈನು ಖಾಲಿಯಾಯಿತು, ಒಂದು ಮೇಜು ಮುರಿಯಿತು. ಕೊನೆಗೆ ತೀರ್ಮಾನವಾದದ್ದು ಇದು: ಸೇತುವೆಯ ಹದಿನಾಲ್ಕು ಕೀಲುಗಳಲ್ಲಿ ಏಳು ಮೇಲಿನ ಏಳು ಮನೆಗಳಲ್ಲಿ, ಏಳು ಕೆಳಗಿನ ಏಳು ಮನೆಗಳಲ್ಲಿ ಚಳಿಗಾಲ ಕಳೆಯಬೇಕು. ಒಂದೊಂದರ ತೂತನ್ನೂ ಕೈಯಲ್ಲೇ ಕೊರೆದದ್ದು, ಒಂದರ ಕೀಲು ಇನ್ನೊಂದಕ್ಕೆ ಕೂರುವುದಿಲ್ಲ. ಒಬ್ಬರನ್ನು ಬಿಟ್ಟು ಒಬ್ಬರು ಕಟ್ಟುವ ಹಾಗೇ ಇಲ್ಲ. ಅಷ್ಟು ಸಾಲದೆಂದು ಇನ್ನೊಂದು ಕಟ್ಟಳೆ ಸೇರಿಸಿದರು. ಮೇಲಿನ ಮನೆಯವನು ತನ್ನ ಕೀಲನ್ನು ತೂತಿಗಿಟ್ಟು ಬರಿಗೈಯಲ್ಲಿ ಹಿಡಿಯಬೇಕು, ಮೊದಲ ಮೂರು ಪೆಟ್ಟು ಕೆಳಗಿನವನು ಹಾಕಬೇಕು. ಕೆಳಗಿನವನ ಕೀಲಿಗೆ ಮೇಲಿನವನ ಸುತ್ತಿಗೆ. ನಿನ್ನ ಬೆರಳು ನನ್ನ ಕೈಲಿ, ನನ್ನ ಬೆರಳು ನಿನ್ನ ಕೈಲಿ. ಎಂಥ ಅಪನಂಬಿಕೆಯ ಜನ ಅಂತೀರಾ? ಇರಬಹುದು. ಆದರೆ ಮೂವತ್ತೇಳು ವರ್ಷದಲ್ಲಿ ಆ ಸೇತುವೆ ಒಂದು ವಸಂತವನ್ನೂ ತಪ್ಪಿಸಿರಲಿಲ್ಲ.

ಫ್ಲೂರಿನನ ಕೀಲು ಏಳನೆಯದು, ಮೇಲಿನ ದಡದ ಕೊನೆಯದು. ಅದಕ್ಕೆ ಸುತ್ತಿಗೆ ಹಾಕುತ್ತಿದ್ದವನು ರುವಾಲ್ತದ ಮೇಸ್ತ್ರಿ ಬಾಲ್ಸರ್. ಮೂವತ್ತೊಂದನೆಯ ಇಸವಿಯಲ್ಲಿ ಬಾಲ್ಸರನ ಸುತ್ತಿಗೆ ಫ್ಲೂರಿನನ ಬಲಗೈ ಹೆಬ್ಬೆಟ್ಟಿನ ಮೇಲೆ ಬಿತ್ತು. ಬೆರಳು ಚಪ್ಪಟೆಯಾಯಿತು. "ಬೇಕು ಅಂತಲೇ ಹೊಡೆದ," ಅಂದ ಫ್ಲೂರಿನ್. "ಅವನೇ ಹೆದರಿ ಕೈ ಎಳೆದ," ಅಂದ ಬಾಲ್ಸರ್. ಅಲ್ಲಿಗೆ ಮಾತು ನಿಂತಿತು. ಇಪ್ಪತ್ತೊಂದು ವರ್ಷ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಚರ್ಚಿನಲ್ಲಿ ಒಬ್ಬ ಎಡಕ್ಕೆ ಕೂತರೆ ಇನ್ನೊಬ್ಬ ಬಲಕ್ಕೆ. ಆದರೆ ಪ್ರತಿ ವಸಂತದಲ್ಲೂ ಫ್ಲೂರಿನ್ ಅದೇ ಚಪ್ಪಟೆ ಹೆಬ್ಬೆಟ್ಟಿನ ಕೈಯನ್ನು ಅದೇ ಬಾಲ್ಸರನ ಸುತ್ತಿಗೆಯ ಕೆಳಗಿಟ್ಟ. ನೇಸಾ ಚಿಕ್ಕವಳಿದ್ದಾಗಿನಿಂದ ನೋಡಿದ್ದಾಳೆ, ಅಪ್ಪ ಆಗ ಬಾಲ್ಸರನ ಮುಖ ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದ.

ಆ ಕೀಲಿನ ಮೇಲೆ ಅಪ್ಪನಿಗೆ ಮಗಳಿಗಿಂತ ಹೆಚ್ಚು ಮಮತೆ ಅಂತ ಅವಳು ಎಷ್ಟೋ ಸಲ ರೇಗಿಸಿದ್ದುಂಟು. ಪ್ರತಿ ಭಾನುವಾರ ಊಟವಾದ ಮೇಲೆ ಕಪಾಟಿನಿಂದ ತೆಗೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಒಳಗಿಡುತ್ತಿದ್ದ. ಜನವರಿಯಲ್ಲಿ ಎದೆ ಹಿಡಿದುಕೊಂಡು ಎರಡೇ ದಿನದಲ್ಲಿ ಹೋದ. ಹುಚ್ಚಿಯ ಎರಡೂ ಕಡೆ ಹಿಮ ಮನೆಯೆತ್ತರ ನಿಂತಿತ್ತು, ಚರ್ಚಿನ ಮಣ್ಣು ಆಚೆ ದಡದಲ್ಲಿ. ಸೆಲ್ವಾನದಲ್ಲಿ ಚಳಿಗಾಲದಲ್ಲಿ ಸತ್ತವರು ಕಾಯಬೇಕು, ಹಿಂದಿನಿಂದಲೂ ಹಾಗೇ. ಅಟ್ಟದ ಮೇಲೆ, ಉತ್ತರದ ಗೋಡೆಗೆ, ಹೆಣ ಕಲ್ಲಿನ ಹಾಗೆ ಸೆಟೆದುಕೊಂಡು, ಮಾರ್ಚಿನಲ್ಲಿ ಹಿಮ ಗಟ್ಟಿಯಾಗಿ ಬೆಳಗಿನ ಹೊತ್ತು ಕಮರಿಯನ್ನು ನಡೆದು ದಾಟುವ ಹಾಗಾಗುವವರೆಗೆ ಮಲಗುತ್ತದೆ. ಎದೆಯ ಮೇಲೆ ಒಂದು ಕಬ್ಬಿಣ ಇಡುತ್ತಾರೆ, ಸತ್ತವರು ಎದ್ದು ಓಡಾಡದಿರಲಿ ಅಂತ. ಕತ್ತರಿಯೋ ಕುಡುಗೋಲೋ ಇಟ್ಟರೆ ಸಾಕು. ನೇಸಾ ಅಳುತ್ತ ಕಪಾಟು ತೆಗೆದಾಗ ಕಣ್ಣಿಗೆ ಬಿದ್ದದ್ದು ಕೀಲು. ಅಪ್ಪನಿಗೆ ಇದಕ್ಕಿಂತ ಪ್ರೀತಿಯ ಕಬ್ಬಿಣ ಎಲ್ಲಿದೆ ಅಂದುಕೊಂಡು ಅದನ್ನೇ ಇಟ್ಟು ಮೇಲೆ ಹೊದಿಕೆ ಹೊದಿಸಿದಳು. ಸಾಗಿಸುವ ದಿನ ತೆಗೆದುಕೊಂಡರಾಯಿತು, ಅದಕ್ಕೇನು.

ಏಳು ವಾರ ಆ ಮನೆಯಲ್ಲಿ ಅವಳೊಬ್ಬಳೇ ಕೆಳಗೆ, ಅಪ್ಪ ಮೇಲೆ. ಆಮೇಲೆ ಒಂದು ಬೆಳಗ್ಗೆ, ಹೇಳಿದ್ದಕ್ಕಿಂತ ಎರಡು ದಿನ ಮೊದಲೇ, ರುವಾಲ್ತದ ಆಳುಗಳು ಜಾರುಬಂಡಿ ಎಳೆದುಕೊಂಡು ಬಾಗಿಲಿಗೆ ಬಂದರು. "ಬೇಗ, ಬೇಗ! ಬಿಸಿಲು ಏರಿದ್ರೆ ಹುಚ್ಚಿ ಇಳೀತಾಳೆ, ಹತ್ತು ಗಂಟೆ ಒಳಗೆ ದಾಟ್ಬೇಕು!" ಹೊತ್ತವರಿಗೆ ಬ್ರೆಡ್ಡು, ಒಣಮಾಂಸ, ಒಂದು ಗುಟುಕು ಬ್ರಾಂದಿ ಕೊಡದೆ ಕಳಿಸಿದರೆ ಮನೆಗೆ ಕೆಟ್ಟ ಹೆಸರು. ಅವಳು ಅಡುಗೆಮನೆಗೆ ಓಡಿದಳು. ತಟ್ಟೆ ಹಿಡಿದು ವಾಪಸು ಬರುವಷ್ಟರಲ್ಲಿ ಅಟ್ಟದ ಮೇಲೆ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎಂಟು ಜನ ಗಂಡಸರ ಮುಂದೆ ಅಪ್ಪನ ಪೆಟ್ಟಿಗೆಯ ಮೊಳೆ ಕೀಳಿ ಅಂತ ಹೇಗೆ ಹೇಳುವುದು? ಸಂಜೆ ಹೇಳಿದರಾಯಿತು ಅಂದುಕೊಂಡಳು. ಸಂಜೆಯ ಹೊತ್ತಿಗೆ ಮಣ್ಣು ಬಿದ್ದಿತ್ತು.

ಆಮೇಲೆ ಹತ್ತು ವಾರ. ಎರಡು ಸಲ ಹಿಮದ ಮೇಲೆ ಜಾರಿಬೀಳುತ್ತ ಕಮರಿ ದಾಟಿ ರುವಾಲ್ತದ ಪಾದ್ರಿಯ ಮನೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಕಮ್ಮಾರನಿಗೆ ಹೊಸದು ಮಾಡಲು ಹೇಳೋಣವೆಂದರೆ ಅಳತೆ ಯಾರು ಕೊಡಬೇಕು? ಗಾಯದ ಮೇಲೆ ಬರೆ ಎಳೆದ ಹಾಗೆ ಏಪ್ರಿಲಿನಲ್ಲಿ ರೈಲು ಕಂಪನಿಯ ಕಾಗದ ಬಂತು. ಮೇಲಿನ ದಾರಿ ನಷ್ಟದ ದಾರಿ, ಮೇ ಮೂವತ್ತೊಂದರ ಸಂಜೆ ಆರರೊಳಗೆ ಸೇತುವೆಯ ಮೇಲೆ ಇಂಜಿನ್ ದಾಟದಿದ್ದರೆ ಸೆಲ್ವಾನದ ರೈಲು ಶಾಶ್ವತವಾಗಿ ಬಂದ್, ಬಸ್ಸು ರುವಾಲ್ತದವರೆಗೆ ಮಾತ್ರ. ಹಾಲು ಕೆಳಗೆ ಹೋಗುವುದು ರೈಲಿನಲ್ಲಿ, ಮಕ್ಕಳು ದೊಡ್ಡ ಶಾಲೆಗೆ ಹೋಗುವುದು ರೈಲಿನಲ್ಲಿ. ರೈಲು ನಿಂತರೆ ಊರು ಎರಡು ವರ್ಷ ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆ ವರ್ಷವೇ ಹುಚ್ಚಿ ಹಟ ಹಿಡಿದು ಮೇ ಇಪ್ಪತ್ತೆಂಟರವರೆಗೆ ಇಳಿಯಲಿಲ್ಲ. ಬಿದ್ದ ಹಿಮ ತೆಗೆದು ಹಳಿ ಬಿಡಿಸುವಷ್ಟರಲ್ಲಿ ಉಳಿದದ್ದು ಈ ಒಂದು ಶನಿವಾರ, ಮೇ ಮೂವತ್ತೊಂದು.

ಕಮರಿಯ ಅಂಚಿಗೆ ನೇಸಾ, ಓನ ತಲುಪಿದಾಗ ಕೆಲಸ ಅರ್ಧ ಮುಗಿದಿತ್ತು. ಆಚೆ ದಡದಲ್ಲಿ ಇಂಜಿನ್ ಹೊಗೆ ಬಿಡುತ್ತ ನಿಂತಿತ್ತು. ರಾಟೆ ತಿರುಗಿಸಿ ನಡುವಿನ ತುಂಡನ್ನು ಎಳೆದು ಕೂರಿಸಿದ್ದರು. ಕೆಳಗಿನ ಏಳು ಕೀಲುಗಳನ್ನೂ ಬಡಿದಾಗಿತ್ತು. ಪಾದ್ರಿ ವೆಂಡೆಲಿನ್ ಸೇತುವೆಗೆ ಚಿಮುಕಿಸಲು ಪವಿತ್ರ ನೀರಿನ ಬಟ್ಟಲು ಹಿಡಿದು ಬಂದಿದ್ದರು. ಕಂಪನಿಯ ಇನ್‌ಸ್ಪೆಕ್ಟರ್ ಸ್ಟೂಸಿ ಹೊಳೆಯುವ ಬೂಟು ಹಾಕಿಕೊಂಡು, ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದ.

ಬಾಲ್ಸರ್ ಹಲಗೆಯ ಮೇಲೆ ಈಚೆ ದಡಕ್ಕೆ ದಾಟಿ ಬಂದ. ಅರವತ್ತೇಳು ವರ್ಷ, ಬೆನ್ನು ಸ್ವಲ್ಪ ಬಾಗಿದೆ, ಹೆಗಲ ಮೇಲೆ ಅದೇ ಸುತ್ತಿಗೆ. ಅದರ ಹಿಡಿ ಅವನ ಕೈಯ ಆಕಾರಕ್ಕೇ ಸವೆದಿತ್ತು. ಹೆಂಡತಿಯನ್ನಾದರೂ ಎರವಲು ಕೊಟ್ಟಾನು, ಆ ಸುತ್ತಿಗೆ ಕೊಡಲಾರ ಅಂತ ರುವಾಲ್ತದಲ್ಲಿ ಗಾದೆಯೇ ಇತ್ತು.

"ಒಂದು!" ಅಂದ ಬಾಲ್ಸರ್. ಒಂದನೆಯ ಮನೆಯವನು ಕೀಲು ತಂದು ತೂತಿಗಿಟ್ಟು ಹಿಡಿದ. ಮೂರು ಪೆಟ್ಟು. "ಎರಡು!" ಮೂರು ಪೆಟ್ಟು. ಪ್ರತಿ ಪೆಟ್ಟಿಗೂ ನೇಸಾಳ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಅವಳು ನಿಂತಲ್ಲಿ ನಿಲ್ಲಲಾರದೆ ಹಳಿಯ ಪಕ್ಕ ಹತ್ತು ಹೆಜ್ಜೆ ಹೋಗುವುದು, ಹತ್ತು ಹೆಜ್ಜೆ ಬರುವುದು ಮಾಡಿದಳು.

"ಮೂತ್ರಕ್ಕೆ ಹೋಗೋದಿದ್ರೆ ಹೋಗಿ ಬಾರೇ," ಅಂದಳು ಓನ. "ನಿನ್ನ ನೋಡಿ ನಂಗೂ ಅರ್ಜೆಂಟ್ ಆಗ್ತಿದೆ."

"ಆರು!" ಓನಳ ಗಂಡ ಕೀಲು ಹಿಡಿದ. ಮೂರು ಪೆಟ್ಟು.

"ಏಳು," ಅಂದ ಬಾಲ್ಸರ್. ಇಪ್ಪತ್ತೊಂದು ವರ್ಷ ಅಭ್ಯಾಸವಾಗಿದ್ದ ಹಾಗೆ, ಆ ಸಂಖ್ಯೆ ಹೇಳುವಾಗ ಅವನ ದನಿ ಗಡುಸಾಯಿತು, ಕಣ್ಣು ಬೇರೆ ಕಡೆ ಹೋಯಿತು. ಆಮೇಲೆ ನೆನಪಾಗಿ ಮೆತ್ತಗೆ ಹೇಳಿದ, "ಫ್ಲೂರಿನ್ ಮನೆ."

ನೇಸಾ ಮುಂದೆ ಬಂದಳು. ಗೋಣಿಯ ಹುರಿ ಬಿಚ್ಚಲು ಹೋದರೆ ಬೆರಳು ಕೇಳಲಿಲ್ಲ. ಬಾಲ್ಸರನೇ ಬಗ್ಗಿ ಬಿಚ್ಚಿದ. ಸರಳು ಕೆಳಗೆ ಬಿತ್ತು.

"ಇದೇನಮ್ಮ ಇದು?"

"ಚೀಸ್ ಮಣೆ ಸರಳು."

"ಅದು ಕಾಣ್ತಿದೆ. ಕೀಲೆಲ್ಲಿ?"

"ಅಪ್ಪನ ಹತ್ರ." ಅವಳು ಸರಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ಅಪ್ಪನ ಎದೆ ಮೇಲೆ ಇಟ್ಟಿದ್ದೆ ಮಾಮ. ಕಬ್ಬಿಣ ಇಡ್ತಾರಲ್ಲ, ಹಾಗೆ. ತೆಗೀಬೇಕು ಅಂತಿದ್ದೆ. ಅಷ್ಟರಲ್ಲಿ ಮೊಳೆ ಹೊಡೆದುಬಿಟ್ರು. ಹೇಳೋಕೆ ಬಾಯಿ ಬರ್ಲಿಲ್ಲ. ಅಲ್ಲೇ ಇದೆ. ಮಣ್ಣಲ್ಲಿ."

ಎಲ್ಲರೂ ಒಟ್ಟಿಗೆ ಶುರು ಮಾಡಿದರು.

"ಅಯ್ಯೋ ಪಾಪಿ!" ಓನ ತಲೆ ಚಚ್ಚಿಕೊಂಡಳು. "ಹತ್ತು ವಾರ ಬಾಯಲ್ಲಿ ಏನು ಇಟ್ಕೊಂಡಿದ್ದೇ? ದಿನಾ ನನ್ನ ಮನೇಲಿ ಬಾರ್ಲಿ ಗಂಜಿ ಕುಡಿಯೋಕೆ ಬಾಯಿ ಬರ್ತಿತ್ತು, ಇದಕ್ಕೆ ಬರ್ಲಿಲ್ವಾ? ಮನೇಲಿ ಇಕ್ಕಳ ಇರ್ಲಿಲ್ವಾ, ಕುಡುಗೋಲು ಇರ್ಲಿಲ್ವಾ?"

"ಊರನ್ನೇ ಹೂತುಬಿಟ್ಟಳಲ್ಲಪ್ಪ ಅಪ್ಪನ ಜೊತೆ," ಅಂದ ಯಾರೋ ಹಿಂದಿನಿಂದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನೇಸಾಳಿಗೆ. ಅಳು ಬಂದರೂ ಅಳಲಿಲ್ಲ. ಅಳುವುದಕ್ಕೂ ಒಂದು ಕಡೆ ನಿಲ್ಲಬೇಕಲ್ಲ, ಕಾಲು ನಿಲ್ಲುತ್ತಿರಲಿಲ್ಲ.

"ಹದಿಮೂರು ಕೀಲಲ್ಲಿ ನಿಲ್ಲಲ್ವಾ ಸಾಹೇಬ್ರೇ?" ಓನಳ ಗಂಡ ಇನ್‌ಸ್ಪೆಕ್ಟರನನ್ನು ಕೇಳಿದ.

"ಹದಿನಾಲ್ಕು ಅಂದ್ರೆ ಹದಿನಾಲ್ಕು," ಅಂದ ಸ್ಟೂಸಿ. ಕೆಟ್ಟವನಲ್ಲ, ಕಾಗದದ ಮನುಷ್ಯ. "ಆರು ಗಂಟೆ ಅಂದ್ರೆ ಆರು ಗಂಟೆ. ಈಗ ಒಂದೂವರೆ. ಗೋರಿ ತೆಗೆಯೋಕೆ ಜಿಲ್ಲಾ ಕಚೇರಿಯ ಅಪ್ಪಣೆ ಬೇಕು, ಇವತ್ತು ಶನಿವಾರ, ಕಚೇರಿ ಮುಚ್ಚಿರುತ್ತೆ. ನಾನೇನು ಮಾಡ್ಲಿ?"

ಎಲ್ಲರೂ ಪಾದ್ರಿಯ ಕಡೆ ತಿರುಗಿದರು. ವೆಂಡೆಲಿನ್ ಬಟ್ಟಲನ್ನು ಕಲ್ಲಿನ ಮೇಲಿಟ್ಟು ಮೂಗು ಒರೆಸಿಕೊಂಡರು. ಅವರಿಗೂ ಹಾಲು ಮೇಲಿನಿಂದಲೇ ಬರಬೇಕು. ಆದರೆ ಗೋರಿ ಅಂದರೆ ಗೋರಿ.

"ಕಲ್ಲು ಇಟ್ಟಿಲ್ಲ ಇನ್ನೂ," ಅಂದರು ಕೊನೆಗೆ. "ಮಣ್ಣೂ ಕೂತಿಲ್ಲ. ಬೇರೆಯವರ ವಸ್ತು ಇಟ್ಕೊಂಡು ಯಾರೂ ದೇವರ ಮುಂದೆ ನಿಲ್ಲಬಾರದು. ಫ್ಲೂರಿನ್‌ಗೂ ಅದು ಇಷ್ಟ ಇರಲ್ಲ. ಬಿಷಪ್ಪರು ಕೇಳಿದ್ರೆ ನಾನು ಉತ್ತರ ಕೊಡ್ತೀನಿ. ಆದ್ರೆ ಮಗಳು ಒಪ್ಪಬೇಕು."

"ಒಪ್ಪಿದೀನಿ ಫಾದರ್," ಅಂದಳು ನೇಸಾ. "ನಾನೇ ಅಗೀತೀನಿ."

"ನೀನು ಅಗೆಯೋದು ಬೇಡ," ಅಂದ ಬಾಲ್ಸರ್.

ಸ್ಟೂಸಿ ಗಡಿಯಾರ ಜೇಬಿಗಿಳಿಸಿ, ಬುತ್ತಿ ಬಿಚ್ಚಿದ. "ನಾನು ಊಟಕ್ಕೆ ಕೂತೆ. ಊಟ ಮಾಡ್ತಿರೋವಾಗ ನನಗೆ ಏನೂ ಕೇಳಿಸಲ್ಲ," ಅಂದ.

ಬಾಲ್ಸರ್, ಪಾದ್ರಿ, ನೇಸಾ, ಗುದ್ದಲಿ ಹಿಡಿದ ಇಬ್ಬರು ಆಳು ಹಲಗೆ ದಾಟಿ, ಆಚೆ ದಡದಲ್ಲಿ ಇಂಜಿನ್ನಿನ ಹಿಂದೆ ನಿಂತಿದ್ದ ತಳ್ಳು ಟ್ರಾಲಿ ಹತ್ತಿದರು. ರುವಾಲ್ತದವರೆಗೆ ಇಳಿಜಾರು, ಬ್ರೇಕು ಬಿಟ್ಟರೆ ಸಾಕು. ಹದಿನೈದು ನಿಮಿಷದ ದಾರಿ. ನೇಸಾ ಟ್ರಾಲಿಯ ಅಂಚು ಹಿಡಿದು ನಿಂತೇ ಇದ್ದಳು. ಬಾಲ್ಸರ್ ಮೊಣಕಾಲ ಮೇಲೆ ಸುತ್ತಿಗೆ ಅಡ್ಡ ಇಟ್ಟುಕೊಂಡು ತನ್ನ ಕೈಗಳನ್ನೇ ನೋಡುತ್ತ ಕೂತಿದ್ದ. ಸುರಂಗದೊಳಗೆ ಕತ್ತಲಾದಾಗ ಅವನು ದೊಡ್ಡ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು.

ಚರ್ಚಿನ ಅಂಗಳದಲ್ಲಿ ಆಳುಗಳು ಪೆಟ್ಟಿಗೆ ಸಿಗುವವರೆಗೆ ಅಗೆದರು. ಆಮೇಲೆ ಬಾಲ್ಸರ್ "ಸಾಕು, ಮೇಲೆ ಬನ್ನಿ" ಅಂತ ಅವರನ್ನು ಹತ್ತಿಸಿ, ಕೋಟು ಬಿಚ್ಚಿ, ಆ ವಯಸ್ಸಿನಲ್ಲಿ ತಾನೇ ಗುಂಡಿಗಿಳಿದ. ಮೊಳೆ ಕೀಳಲು ಸುತ್ತಿಗೆ ತೆಗೆದುಕೊಂಡು ಹೋದ. ಪಾದ್ರಿ ಪ್ರಾರ್ಥನೆ ಹೇಳತೊಡಗಿದರು. ನೇಸಾ ಅಂಗಳದ ಗೋಡೆಯವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಮೊಳೆ ಕಿತ್ತ ಸದ್ದು ಎಣಿಸಿದಳು: ಆರು. ಆಮೇಲೆ ಬಡಿಯುವ ಸದ್ದು ನಿಂತಿತು. ಕೆಳಗಿನಿಂದ ಬಾಲ್ಸರನ ದನಿ ಸಣ್ಣಗೆ ಬರುತ್ತಿತ್ತು, ಪಕ್ಕದಲ್ಲಿ ಕೂತವನ ಜೊತೆ ಮಾತಾಡುವ ಹಾಗೆ. ಏನು ಹೇಳಿದ ಅಂತ ತಿಳಿಯಲಿಲ್ಲ. ಆಮೇಲೆ ಮತ್ತೆ ಮೊಳೆ ಹೊಡೆದ ಸದ್ದು, ಈ ಸಲ ಕಲ್ಲಿನಿಂದ ಬಡಿದ ಹಾಗೆ ಮೊಂಡು ಸದ್ದು.

ಅವನು ಹತ್ತಿ ಬಂದಾಗ ಮಂಡಿಯೆಲ್ಲ ಮಣ್ಣು. ಕೀಲನ್ನು ಬಿಚ್ಚಿಟ್ಟ ಕೋಟಿನಲ್ಲಿ ಸುತ್ತಿ ಅವಳ ಕೈಗಿಟ್ಟ. ಐಸಿನ ಹಾಗೆ ತಣ್ಣಗಿತ್ತು.

"ಅಪ್ಪ..." ಅಂದಳು ಅವಳು. ಮುಂದೆ ಕೇಳಲಾಗಲಿಲ್ಲ.

"ಕೆಳಗೆ ಇನ್ನೂ ಚಳಿ ಬಿಟ್ಟಿಲ್ಲ. ಹಾಗೇ ಇದಾನೆ," ಅಂದ ಬಾಲ್ಸರ್. "ನನ್ನ ನೋಡಿ ಮುಖ ಗಂಟು ಹಾಕ್ಕೊಂಡಿದಾನೆ. ಅದೂ ಹಾಗೇ ಇದೆ."

ನೇಸಾಳಿಗೆ ನಗು ಬಂತು. ಅಂಥ ಜಾಗದಲ್ಲಿ, ಅಂಥ ಹೊತ್ತಿನಲ್ಲಿ! ನಗುವಿನ ಹಿಂದೆಯೇ ಅಳುವೂ ಬಂತು, ಎರಡನ್ನೂ ನುಂಗಿಕೊಂಡು ಸ್ಟೇಷನ್ನಿನ ಕಡೆ ಓಡಿದಳು. ಏರು ದಾರಿಗೆ ಟ್ರಾಲಿ ಬರುವುದಿಲ್ಲ. ಕಮರಿಯ ಕಾವಲು ಗುಡಿಸಲಿಗೆ ಫೋನು ಮಾಡಿ ಇಂಜಿನನ್ನು ಕೆಳಗೆ ಕರೆಸಿ, ಅದರಲ್ಲಿ ಹತ್ತಿ ಅವರು ಮತ್ತೆ ಕಮರಿಗೆ ಬಂದಾಗ ಐದೂಕಾಲು. ಬಿಸಿಲು ಬೆಟ್ಟದ ತುದಿಗೆ ಹತ್ತಿತ್ತು. ಸ್ಟೂಸಿಯ ಊಟ ಯಾವಾಗಲೋ ಮುಗಿದಿತ್ತು, ಗಡಿಯಾರ ಮತ್ತೆ ಅಂಗೈಗೆ ಬಂದಿತ್ತು. ಎರಡೂ ಊರಿನ ಜನ ಒಬ್ಬರೂ ಕದಲಿರಲಿಲ್ಲ.

"ಒಂದು ಸುತ್ತಿಗೆ ಕೊಡ್ರೋ," ಅಂದ ಬಾಲ್ಸರ್.

ಜನ ಮುಖ ಮುಖ ನೋಡಿಕೊಂಡರು. "ನಿನ್ನದೆಲ್ಲಿ?" ಅಂತ ಓನ ಕೇಳಿಯೇಬಿಟ್ಟಳು. "ಹೆಂಡ್ತಿಗಿಂತ ಹೆಚ್ಚಾಗಿ ಸಾಕಿದ್ದೆಯಲ್ಲ!"

"ಅವನ ಹತ್ರ ಬಿಟ್ಟು ಬಂದೆ. ಎದೆ ಮೇಲೆ ಕಬ್ಬಿಣ ಬೇಕಲ್ವಾ? ಅವನದ್ದು ಕಿತ್ಕೊಂಡು ಬಂದ ಮೇಲೆ ನನ್ನದು ಕೊಡ್ಬೇಕಲ್ಲ." ಸ್ವಲ್ಪ ತಡೆದ. ನಲವತ್ತು ಐವತ್ತು ಜನ ಕೇಳುತ್ತಿದ್ದರು. ಅವನು ನೇಸಾಳಿಗೆ ಮಾತ್ರ ಹೇಳಿದ, ಆದರೆ ದನಿ ತಗ್ಗಿಸಲಿಲ್ಲ. "ನಿಮ್ಮಪ್ಪ ಅವತ್ತು ಕೈ ಎಳೀಲಿಲ್ಲ ಕಣಮ್ಮ. ಹಿಂದಿನ ರಾತ್ರಿ ಕುಡಿದಿದ್ದೆ, ಇನ್ನೂ ಇಳಿದಿರಲಿಲ್ಲ. ಗುರಿ ತಪ್ಪಿದ್ದು ನಾನು. ಇಪ್ಪತ್ತೊಂದು ವರ್ಷ ಆಯ್ತು. ಬದುಕಿರೋವಾಗ ಹೇಳೋಕೆ ಬಾಯಿ ಬರ್ಲಿಲ್ಲ, ಥೂ, ನಿನ್ನ ಹಾಗೇ. ಇವತ್ತು ಆ ಹೆಬ್ಬೆಟ್ಟು ನೋಡಿ ಹೇಳಿದೆ. ಏನು ಪ್ರಯೋಜನ."

ಓನಳ ಗಂಡ ತನ್ನ ಸುತ್ತಿಗೆಯನ್ನು ತಂದು ಬಾಲ್ಸರನ ಕೈಗಿಟ್ಟ. ಮೇಲಿನವನ ಸುತ್ತಿಗೆ ಮೇಲಿನ ಕೀಲಿಗೆ ಕಟ್ಟಳೆಯಲ್ಲ, ಆದರೆ ಆ ಮಾತನ್ನು ಯಾರೂ ಎತ್ತಲಿಲ್ಲ.

ನೇಸಾ ಕೀಲಿಗೆ ಎಣ್ಣೆ ಸವರಿದಳು. ತೂತಿಗಿಟ್ಟಳು. ಅರ್ಧ ಗೇಣು ತಾನೇ ಒಳಗೆ ಹೋಗಿ ನಿಂತಿತು. ಬಲಗೈಯಲ್ಲಿ ಕೀಲಿನ ಕೊರಳು ಹಿಡಿದಳು, ಅಪ್ಪ ಹಿಡಿಯುತ್ತಿದ್ದ ಹಾಗೆ, ಹೆಬ್ಬೆಟ್ಟು ಮೇಲೆ ಬರುವ ಹಾಗೆ.

ಬಾಲ್ಸರ್ ಸುತ್ತಿಗೆ ಎತ್ತಿದ. ಗೊತ್ತಿಲ್ಲದ ಹಿಡಿ, ಗೊತ್ತಿಲ್ಲದ ತೂಕ. ತೋಳು ನಡುಗುತ್ತಿತ್ತು. ಅವನು ಇಳಿಸಿದ. "ಇಕ್ಕಳದಲ್ಲಿ ಹಿಡ್ಕೋ," ಅಂದ. "ನನ್ನ ಕೈ ಸರಿ ಇಲ್ಲ ಇವತ್ತು. ಸಾಹೇಬ್ರೇ, ಇಕ್ಕಳದಲ್ಲಿ ಹಿಡಿದ್ರೆ ತಪ್ಪೇನಿಲ್ಲ ಅಲ್ವಾ?"

"ನನ್ನ ಕಾಗದದಲ್ಲಿ ಕೈ ವಿಷಯ ಇಲ್ಲ," ಅಂದ ಸ್ಟೂಸಿ. "ಐದೂವರೆ ಆಯ್ತು."

"ಇಕ್ಕಳ ತರ್ತೀನಿ ಇರೇ," ಅಂತ ಓನ ಹೊರಟಳು.

"ಬೇಡ ಓನಕ್ಕ," ಅಂದಳು ನೇಸಾ. ಹತ್ತು ವಾರದಲ್ಲಿ ಮೊದಲ ಸಲ ಅವಳ ಕಾಲು ನೆಲದಲ್ಲಿ ನಿಂತಿತ್ತು. ಹೆದರಿಕೆ ಇರಲಿಲ್ಲ ಅಂತಲ್ಲ, ಹೆದರಿಕೆಗೆ ಬಾಯಿ ಒಣಗಿತ್ತು, ಬೆರಳ ತುದಿ ತಣ್ಣಗಾಗಿತ್ತು. ಅವನ ತೋಳು ನಡುಗುವುದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಅಪ್ಪನ ಹಾಗೆ ಆಕಾಶ ನೋಡಲಿಲ್ಲ, ಬಾಲ್ಸರನ ಮುಖವನ್ನೇ ನೋಡಿದಳು. "ಹೊಡಿ ಮಾಮ. ನಾನು ಕೈ ಎಳೆಯಲ್ಲ."

ಮೊದಲ ಪೆಟ್ಟು ಬಿತ್ತು. ಕಬ್ಬಿಣದ ನಡುಕ ಮೊಣಕೈವರೆಗೂ ಏರಿತು. ಎರಡನೆಯದು ಸ್ವಲ್ಪ ಓರೆಯಾಗಿ ಬಿದ್ದು ಸುತ್ತಿಗೆಯ ಅಂಚು ಅವಳ ಉಗುರಿನ ಪಕ್ಕ ಗಾಳಿ ಸವರಿಕೊಂಡು ಹೋಯಿತು. ಯಾರೋ "ಅಯ್ಯೋ!" ಅಂದರು. ಅವಳು ಕೈ ಎಳೆಯಲಿಲ್ಲ. ಮೂರನೆಯದು ನೆಟ್ಟಗೆ ಬಿತ್ತು.

ಕೀಲು ಕೂತಿತ್ತು. ಉಳಿದ ಪೆಟ್ಟುಗಳನ್ನು ಯಾರು ಬೇಕಾದರೂ ಹಾಕಬಹುದು. ಆದರೆ ಬಾಲ್ಸರ್ ಕೀಲು ನೋಡಲಿಲ್ಲ, ಸುತ್ತಿಗೆ ಕೆಳಗೆ ಹಾಕಿ ಅವಳ ಕೈ ಎಳೆದುಕೊಂಡು ಹೆಬ್ಬೆಟ್ಟು ತಿರುವಿ ತಿರುವಿ ನೋಡಿದ.

"ಇದೆಯಲ್ಲ ಮಾಮ," ಅಂದಳು ನೇಸಾ. "ಐದೂ ಇದೆ. ಎಣಿಸ್ಕೋ."

ಬಾಲ್ಸರ್ ಅವಳ ಕೈ ಬಿಡದೆ, ಊರಿಗೆ ಊರೇ ನೋಡುತ್ತಿದ್ದರೂ ನಾಚದೆ, ಅತ್ತುಬಿಟ್ಟ.

ಉಳಿದ ಪೆಟ್ಟುಗಳನ್ನು ಓನಳ ಗಂಡ ಹಾಕಿದ. ಪಾದ್ರಿ ಆತುರಾತುರವಾಗಿ ನೀರು ಚಿಮುಕಿಸಿದರು, ಅರ್ಧ ಸ್ಟೂಸಿಯ ಬೂಟಿನ ಮೇಲೆ ಬಿತ್ತು. ಆಚೆ ದಡದಲ್ಲಿ ಇಂಜಿನ್ ಕೂಗಿತು. ಆರಕ್ಕೆ ಇನ್ನೂ ಹದಿನೆಂಟು ನಿಮಿಷವಿತ್ತು. ಜನ ಟೋಪಿ ಎಸೆದು ಕೇಕೆ ಹಾಕಿದರು. ನೇಸಾಳಿಗೆ ಅದೆಲ್ಲ ದೂರದಲ್ಲಿ ಎಲ್ಲೋ ನಡೆಯುತ್ತಿರುವ ಹಾಗಿತ್ತು. ಅಲ್ಲೇ, ಇದ್ದಲ್ಲೇ, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಏಳಬೇಕು ಅನ್ನಿಸಲಿಲ್ಲ. ಹಾಯಾಗಿತ್ತು. ಕಣ್ಣು ಮುಚ್ಚಿದಳು.

"ಏಯ್ ಮಹಾತಾಯಿ!" ಓನ ಕಿರುಚಿದಳು. "ಕೂರೋಕೆ ಬೇರೆ ಜಾಗ ಸಿಗ್ಲಿಲ್ವೇನೇ? ಹಳಿ ಮೇಲೆ ಕೂತಿದೀಯಾ, ಏಳೇ! ರೈಲು ಬರ್ತಿದೆ!"